ಫೋಟೊದಲ್ಲಿ ಕಂಡ ಸೂಜಿ

ಮಾರ್ಚ್ ೧೨, ಗುರುವಾರ

ಮೂರು ದಿನದಿಂದ ಕಂಪ್ಯೂಟರ್ ಕಸೂತಿ ಮೆಷೀನಿನಲ್ಲಿ ದಾರ ಕಡಿಯುತ್ತಲೇ ಇತ್ತು. ಶನಿವಾರದೊಳಗೆ ನರ್ಸುಗಳ ನಲವತ್ತು ಕೋಟುಗಳಿಗೆ ಹೆಸರು ಹೊಲಿದು ಕೊಡದಿದ್ದರೆ ಆಸ್ಪತ್ರೆಯ ಕೆಲಸವೇ ಕೈತಪ್ಪುತ್ತದೆ. ಸಾಫ್ಟ್‌ವೇರ್ ಕೆಟ್ಟಿದೆ ಎಂದುಕೊಂಡು ಎರಡು ಸಲ ತೆಗೆದು ಮತ್ತೆ ಹಾಕಿದೆ. ಕೊನೆಗೆ ಫೋನಿನ ಹೊಲಿಗೆ ಗುಂಪಿನಲ್ಲಿ ಮೆಷೀನಿನ ಫೋಟೊ ಹಾಕಿ ಕೇಳಿದೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು, ತಪ್ಪು ಬರೆದು ನಗೆಪಾಟಲಾಗುತ್ತೇನೋ ಎಂಬ ಹೆದರಿಕೆ ಬೇರೆ.

ಗುಂಪಿನಲ್ಲಿ ಎಲ್ಲರೂ ಅಜ್ಜಿ ಎಂದು ಕರೆಯುವವರು ಬರೆದರು: "ಸಾಫ್ಟ್‌ವೇರನ್ನ ಯಾಕೆ ಬೈತೀಯ ತಾಯಿ? ಸೂಜಿ ತಿರುಗಾಮುರುಗಾ ಹಾಕಿದ್ದೀಯ. ಚಪ್ಪಟೆ ಭಾಗ ಹಿಂದಕ್ಕಿರ್ಬೇಕು. ನಾನೂ ಹೀಗೇ ಮಾಡಿ ಒಂದು ವಾರ ಅತ್ತಿದ್ದೆ."

ತಿರುಗಿಸಿದೆ. ದಾರ ಕಡಿಯಲಿಲ್ಲ.

ಎದುರಿಗೇ ಕೂತ ನನಗೆ ಕಾಣದ್ದು ಎಲ್ಲೋ ಕೂತ ಅವರಿಗೆ ಕಂಡಿತು. ತಾನು ಮುಖವನ್ನೇ ನೋಡದವಳು ಹಾಕಿದ ಫೋಟೊವನ್ನು ಎಷ್ಟು ಹೊತ್ತು ದಿಟ್ಟಿಸಿರಬೇಕು ಆ ಜೀವ. ಥ್ಯಾಂಕ್ಸ್ ಎಂದು ಬರೆಯಲು ಹೋಗಿ ಮೂರು ಸಲ ಅಳಿಸಿದೆ. ಬೆಳಿಗ್ಗೆ ಮೊದಲ ಕೋಟಿನ ಫೋಟೊವನ್ನೇ ಕಳಿಸುತ್ತೇನೆ, ಸೂಜಿಯೂ ಕಾಣುವ ಹಾಗೆ...