ಮಕ್ತಲ್ ದಾರಿಯ ಊಟ

ಗೋದಾಬಾಯಿ ಅವರಿಗೆ, ಹೈದರಾಬಾದಿನ ನಾರಾಯಣಗೂಡದಿಂದ ವನಜಾ ಮಾಡುವ ನಮಸ್ಕಾರಗಳು.

ಇದು ಕ್ಷಮೆ ಕೇಳಲು ಬರೆದ ಕಾಗದವಲ್ಲ. ನಿಮ್ಮ ಮೇಲೆ ನಾನು ವರ್ಷಗಟ್ಟಲೆ ಸಂಶಯಪಟ್ಟದ್ದು ನಿಜ. ನನ್ನ ಜಾಗದಲ್ಲಿ ಯಾವ ಹೆಂಡತಿ ಇದ್ದರೂ ಪಡುತ್ತಿದ್ದಳು.

ನೀವೇ ಯೋಚಿಸಿ. ರಜೆ ಬಂತೆಂದರೆ ನಾವು ಕಾರಿನಲ್ಲಿ ಹುಬ್ಬಳ್ಳಿಗೆ, ನನ್ನ ತವರಿಗೆ ಹೊರಡುತ್ತಿದ್ದೆವು. ಶಂಶಾಬಾದ್ ದಾಟುವಷ್ಟರಲ್ಲೇ ಮಗಳಿಗೆ ಹಸಿವು. ಜಡ್ಚರ್ಲಾದಲ್ಲಿ ಇಡ್ಲಿಯ ಹಬೆ ರಸ್ತೆಯವರೆಗೆ ಬರುತ್ತಿತ್ತು, ಇವರು ಗಾಡಿ ನಿಲ್ಲಿಸುತ್ತಿರಲಿಲ್ಲ. ಮಹಬೂಬ್‌ನಗರದಲ್ಲಿ ಗರಿಗರಿ ಪೆಸರಟ್ಟು ಸಿಗುತ್ತಿತ್ತು, ಅಲ್ಲೂ ಇಲ್ಲ. ಧಾಬಾ ತೋರಿಸಿ, "ಲಾರಿ ನಿಂತಲ್ಲೆ ಊಟ ಛಲೋ ಇರತದ ಅಂತಾರ್ರಿ" ಎಂದರೆ, "ಮುಂದ ಅದ ತಡಿ" ಎನ್ನುವರು. ಮುಂದೆ ಎಂದರೆ ಮಕ್ತಲ್ ದಾಟಿದ ಮೇಲೆ, ಬೇವಿನ ಮರದ ಕೆಳಗಿನ ನಿಮ್ಮ ತಗಡಿನ ಖಾನಾವಳಿ. ಹೊರಗೆ ಒಂದು ಬೋರ್ಡು ಕೂಡ ಇಲ್ಲ.

ಅಲ್ಲಿ ನಮಗೆ ಬುಟ್ಟಿಯೊಳಗಿನ ರೊಟ್ಟಿ, ಇವರಿಗೆ ಹಂಚಿನಿಂದ ಆಗಷ್ಟೇ ಇಳಿದದ್ದು. ನಮಗೆ ಹಾಗಲಕಾಯಿ, ಇವರಿಗೆ ಬದನೆಕಾಯಿ ಎಣ್ಣೆಗಾಯಿ. ಪುಂಡಿಪಲ್ಯದ ಮೇಲೆ ತುಪ್ಪ ಇವರೊಬ್ಬರಿಗೇ. ಇವರಿಗೆ ಹಾಗಲಕಾಯಿ ಸೇರದೆಂದು ನಿಮಗೆ ಹೇಳಿದವರು ಯಾರು? ಮನೆಯಲ್ಲಿ ಉಪ್ಪು ಕಡಿಮೆ, ಖಾರ ಹೆಚ್ಚು ಎಂದು ತಗಾದೆ ತೆಗೆಯುವ ಮನುಷ್ಯ ನಿಮ್ಮಲ್ಲಿ ತಲೆ ಎತ್ತದೆ ಉಣ್ಣುತ್ತಿದ್ದರು. "ಇನ್ನೊಂದು ಹಾಕ್ಲೇನ್ರಿ ಸಾಹೇಬ್ರ?" ಎಂದು ನೀವು ಕೇಳುವುದು, ಇವರು ತಾಟು ಮುಂದೆ ಸರಿಸುವುದು, ಇಷ್ಟೇ. ಇಷ್ಟು ಕಡಿಮೆ ಮಾತಾಡುವವರ ನಡುವೆ ಏನೋ ಇರಲೇಬೇಕು ಎನಿಸಿತು ನನಗೆ. ನಿಮಗೆ ವಯಸ್ಸಾಗಿದೆ, ಹಾಗಾಗಿ ಒಳಗೆ ಯಾರಾದರೂ ಹರೆಯದವಳಿದ್ದಾಳೆಯೇ ಎಂದು ಕೈತೊಳೆಯುವ ನೆಪದಲ್ಲಿ ಹಿತ್ತಲವರೆಗೂ ಹೋಗಿ ಇಣುಕಿದೆ. ಸುತ್ತಿಟ್ಟ ಒಂದು ಹಾಸಿಗೆ, ಒಂದು ಕಟ್ಟಿಗೆ ರಾಶಿ ಬಿಟ್ಟರೆ ಏನೂ ಕಾಣಲಿಲ್ಲ.

ಕಡೆಗೆ ಅತ್ತೆ ಯಮುನಾಬಾಯಿಯವರಿಗೆ ಹೇಳಿದೆ. ದೇವರಿಗೆ ಬತ್ತಿ ಹೊಸೆಯುತ್ತಾ ಕೂತಿದ್ದರು. ನಿಮ್ಮ ಹೆಸರು ಕೇಳಿದೊಡನೆ ಅವರ ಕೈ ನಿಂತಿತು. "ಮದ್ದು ಹಾಕ್ಯಾಳವಾ ಆಕಿ. ಅಲ್ಲೆ ನೀರೂ ಮುಟ್ಟಬ್ಯಾಡ" ಎಂದರು. ಊಟದಲ್ಲಿ ಮದ್ದಿಟ್ಟು ಗಂಡಸರನ್ನು ಕಟ್ಟಿಹಾಕುವ ಕಥೆಗಳನ್ನು ಚಿಕ್ಕಂದಿನಿಂದ ಕೇಳಿದವಳು ನಾನು. ಅಂದಿನಿಂದ ನಿಮ್ಮಲ್ಲಿ ಪ್ರತಿ ತುತ್ತನ್ನೂ ಮೂಸಿದೆ. ಮಗಳಿಗೆ ಬಾಳೆಹಣ್ಣು ತಿನ್ನಿಸಿ ಕಾರಿನಲ್ಲೇ ಕೂರಿಸಿದೆ.

ಹೋದ ವರ್ಷ ಇವರಿಗೆ ಫ್ಯಾಕ್ಟರಿಯಲ್ಲಿ ರಜೆ ಸಿಗದೆ, ನಾನು ತಮ್ಮ ರಾಘವೇಂದ್ರನ ಜೊತೆ ಹೊರಟೆ. ನಿಮ್ಮಲ್ಲಿ ಬೇಕೆಂದೇ ಗಾಡಿ ನಿಲ್ಲಿಸಿದೆ. ನೀವು ಹೊರಗೆ ಬಂದು ಕಾರಿನೊಳಗೆ ಕಣ್ಣಾಡಿಸಿ, "ಅವ ಬಂದಿಲ್ಲೇನು?" ಎಂದುಬಿಟ್ಟಿರಿ. ಇಷ್ಟು ವರ್ಷ 'ಸಾಹೇಬ್ರು' ಆಗಿದ್ದವರು ಒಮ್ಮೆಲೇ 'ಅವ'! "ಅವ ಅಂದ್ರ ಯಾರ್ರಿ?" ಎಂದೆ. ಒಳಗೆ ಕರೆದು ತಾಟು ಹಾಕಿ, ನನ್ನೆದುರೇ ಅದರಿಂದ ಒಂದು ತುತ್ತು ಮುರಿದು ನೀವು ತಿಂದಿರಿ. "ಇನ್ನರೆ ಮೂಸದs ಉಣ್ಣು ತಂಗಿ. ನನ್ನ ಕೈಯಾಗ ಮದ್ದಿಲ್ಲ."

ನಾನು ಉಣ್ಣಲಿಲ್ಲ, ಕೇಳುತ್ತಲೇ ಹೋದೆ. ಆಗ ಹೇಳಿದಿರಿ. ಗಂಡ ತೀರಿಕೊಂಡಾಗ ತೊಟ್ಟಿಲಲ್ಲಿದ್ದ ಕೂಸನ್ನು ಮಕ್ಕಳಿಲ್ಲದ ದೂರದ ಸಂಬಂಧಿಗಳ ಉಡಿಯಲ್ಲಿ ಹಾಕಿದ್ದು, ಅವರು ದೇವರ ಮುಂದೆ ನಿಮ್ಮಿಂದ ಮಾತು ತೆಗೆದುಕೊಂಡದ್ದು. "ತಾಯಿ ಅಂತ ಹೇಳೂದಿಲ್ಲ ಅಂತ ಮಾತು ಕೊಟ್ಟೀನಿ. ಹಸದು ಬಂದ್ರ ಊಟಕ್ಕ ಹಾಕೂದಿಲ್ಲ ಅಂತ ಕೊಟ್ಟಿಲ್ಲ" ಎಂದಿರಿ.

"ಅವರಿಗೆ ಗೊತ್ತದ ಏನು?" ಎಂದೆ.

"ಮೊದಲನೇ ಸಲ ಬಂದಾಗ ಹೆಸರು ಕೇಳಿದೆ, ಪ್ರಾಣೇಶ ಅಂದ. ಯಾರ ಪೈಕಿ ಅಂತ ಕೇಳಿದೆ, ಹೇಳಿದ. ಆಮ್ಯಾಲೆ ನಾ ಏನೂ ಕೇಳಿಲ್ಲ, ಅವನೂ ಹೇಳಿಲ್ಲ. ನೀನೂ ಕೇಳಬ್ಯಾಡ."

ನಿಜ ಹೇಳುತ್ತೇನೆ, ನಿಮ್ಮ ಮಾತನ್ನೂ ನಾನು ಪೂರ್ತಿ ನಂಬಲಿಲ್ಲ. ಮನೆಗೆ ಬಂದು ಇವರ ಮುಖವನ್ನೂ ಅತ್ತೆಯ ಮುಖವನ್ನೂ ಪೊಲೀಸರಂತೆ ಕಾದೆ. ಇವರಿಗೆ ಗೊತ್ತಿದ್ದರೆ ನನ್ನಿಂದ ಏಕೆ ಮುಚ್ಚಿಟ್ಟರು? ಗೊತ್ತಿಲ್ಲದಿದ್ದರೆ ಅಷ್ಟು ಹೋಟೆಲು ದಾಟಿ ಅಲ್ಲಿಗೇ ಏಕೆ ಹೋಗುತ್ತಾರೆ? ಕೇಳಬೇಕೆಂದು ಬಾಯಿ ತೆರೆದಾಗಲೆಲ್ಲ ನಿಮ್ಮ ಮಾತು ಅಡ್ಡ ಬಂತು. ಅತ್ತೆಯಂತೂ ಆ ದಾರಿಯ ಸುದ್ದಿ ಬಂದರೆ ಎದ್ದು ದೇವರ ಮನೆಗೆ ಹೋಗಿಬಿಡುವರು. ಮದ್ದಿನ ಮಾತು ಅವರ ಬಾಯಿಂದ ಬಂದದ್ದು ಸಿಟ್ಟಿನಿಂದಲ್ಲ, ಭಯದಿಂದ ಎಂದು ನನಗೆ ಅರಿವಾದದ್ದು ಆಗ. ಸಾಕಿದ ಮಗ ಎಲ್ಲಿ ಕೈ ಬಿಟ್ಟು ಹೋಗುವನೋ ಎಂದು ಆ ಮುದುಕಿ ಜೀವ ಹಿಡಿದುಕೊಂಡು ಬದುಕಿತ್ತು.

ಯಮುನಾಬಾಯಿಯವರು ಹೋದ ತಿಂಗಳು ತೀರಿಕೊಂಡರು. ಕೊನೆಯವರೆಗೂ ಇವರ ಕೈಯಿಂದಲೇ ಗಂಜಿ ಕುಡಿದರು. ಸಮಾರಾಧನೆ ಮುಗಿದ ಮರುದಿನ ಬೆಳಗ್ಗೆ, ಚಹಾ ಆರುತ್ತಿದ್ದರೂ ಮುಟ್ಟದೆ ಕೂತಿದ್ದ ಇವರು ತಾವಾಗಿಯೇ ಬಾಯಿ ಬಿಟ್ಟರು. "ಹೈಸ್ಕೂಲಿನ್ಯಾಗ ಇದ್ದಾಗನs ಅವ್ವನ ತಂಗಿ ತುಳಸಾ ಮೌಶಿ ಎಲ್ಲಾ ಹೇಳಿದ್ಲು. ನಾ ಇನ್ನೊಬ್ಬಾಕಿಗೆ ಅವ್ವ ಅಂದಿದ್ರ ಈಕಿ ಎದಿ ಒಡದು ಸಾಯ್ತಿದ್ಲು, ವನಜಾ. ಅದಕ್ಕ ಬರೇ ಉಂಡು ಬರತಿದ್ದೆ." ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಹೊರಗೆ ಬರಲಿಲ್ಲ.

ಬರುವ ಭಾನುವಾರ ನಾವು ಬರುತ್ತಿದ್ದೇವೆ. ಈ ಸಲ ಹುಬ್ಬಳ್ಳಿಗಲ್ಲ, ನಿಮ್ಮಲ್ಲಿಗೇ. ಇವರು ನಿಮಗೆ ಏನೂ ತಿಳಿಸಬೇಡ ಎಂದಿದ್ದಾರೆ. ಆದರೆ ಈ ಮನುಷ್ಯನ ಮೇಲೆ ನನಗೆ ಭರವಸೆ ಇಲ್ಲ. ಅಷ್ಟು ದೂರ ಬಂದು ಮತ್ತೆ ಸುಮ್ಮನೆ ಉಂಡೆದ್ದು ಹೊರಟರೂ ಹೊರಟಾರು. ಆದ್ದರಿಂದ ಬರೆಯುತ್ತಿದ್ದೇನೆ.

ನಿನ್ನೆ ಬೀರುವಿನಲ್ಲಿ, ಇವರ ಅಂಗಿಗಳ ಅಡಿಯಲ್ಲಿ, ಒಂದು ಹೊಸ ಸೀರೆ ಸಿಕ್ಕಿತು. ತಿಳಿ ಬೂದಿ ಬಣ್ಣ, ಸಣ್ಣ ಅಂಚು, ನಾರಾಯಣಪೇಟೆಯದು. ನಿಮ್ಮ ಪಕ್ಕದೂರಿನ ಸೀರೆಯನ್ನು ಇಲ್ಲಿನ ಅಬಿಡ್ಸ್ ಬಜಾರಿನಲ್ಲಿ ಕೊಂಡು ನಿಮಗೇ ತರುವ ಜಾಣ ಇವರು! ಮೊದಲಾಗಿದ್ದರೆ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದೆ. ನಿನ್ನೆ ಅದನ್ನು ಬಿಡಿಸಿ, ಎತ್ತರಕ್ಕೆ ಸರಿಹೋಗುವುದೋ ಎಂದು ನನ್ನ ಮೈಗೆ ಹಿಡಿದು ನೋಡಿ, ಮೊದಲಿದ್ದಂತೆಯೇ ಮಡಿಸಿಟ್ಟೆ.

ನಿಮ್ಮ ಆಶೀರ್ವಾದ ನಮ್ಮ ಮನೆಯ ಮೇಲಿರಲಿ, ಅತ್ತಿ.

ನಿಮ್ಮ ಸೊಸೆ,
ವನಜಾ