ಮೂರನೇ ಮೆಟ್ಟಿಲಿನ ತಿದ್ದುಪಡಿ

ಭಾನುವಾರ, ಮಾರ್ಚ್ ೯
ಬೆಳಿಗ್ಗೆ

ನನ್ನ ಮೇಸ್ತ್ರಿಗಳಿಗೆ,

ನಿಮ್ಮನ್ನು ಹೀಗೆ ಕರೆದು ಮೂರು ವರ್ಷವಾಯಿತು. ಬರೆಯುವಾಗ ಕೈ ಸ್ವಲ್ಪ ಹಿಂಜರಿಯಿತು. ಫೋನ್ ಮಾಡಬಹುದಿತ್ತು, ನಿಜ. ನೀವು ಎತ್ತಿ "ಹೂಂ" ಅನ್ನುತ್ತೀರಿ, ನಾನು ಊಟ ಆಯ್ತಾ ಎಂದು ಕೇಳುತ್ತೇನೆ, ನೀವು ಇನ್ನೊಂದು "ಹೂಂ" ಅನ್ನುತ್ತೀರಿ. ಎರಡು ಹೂಂಗಳ ನಡುವೆ ನಾನು ಹೇಳಬೇಕಾದ ವಿಷಯ ಹಿಡಿಸುವುದಿಲ್ಲ. ಇದು ಮೂವತ್ತೆರಡು ಅಡಿ ಉದ್ದದ ವಿಷಯ.

ರಸ್ತೆ ಅಗಲ ಮಾಡುವ ನೋಟಿಸು ಬಂದಾಗ ಅದರ ನಕಲನ್ನು ನಿಮಗೆ ಕಳಿಸಿದ್ದೆ. ಮುಂದಿನ ಕೋಣೆ, ಹಜಾರದ ಅರ್ಧ, ಎರಡೂ ರಸ್ತೆಗೆ ಹೋಗುತ್ತವೆ ಎಂದಿತ್ತು. ಉಳಿದದ್ದನ್ನೂ ಕೆಡವಿಸಿ, ಜಾಗ ಮಾರಿ, ಹೊಸ ಬಡಾವಣೆಯಲ್ಲಿ ಫ್ಲ್ಯಾಟ್ ತೆಗೆದುಕೊಳ್ಳೋಣ ಎಂದು ನಾನೇ ಬರೆದಿದ್ದೆ. ನೀವು ಅದರ ಬೆನ್ನ ಮೇಲೆ, ನನಗಿಟ್ಟ ಅಡ್ಡಹೆಸರಲ್ಲೇ, "ಪೇಪರಮ್ಮ ಹೇಳಿದ ಹಾಗೆ" ಎಂದು ಗೀಚಿ, ಸಹಿ ಹಾಕಿ ಕಳಿಸಿದಿರಿ. ಇಷ್ಟು ಹೊತ್ತಿಗೆ ನಿಮ್ಮ ಮನಸ್ಸಿನಲ್ಲಿ ನಮ್ಮ ಮನೆ ಇಟ್ಟಿಗೆಯ ರಾಶಿಯಾಗಿ ಬಿದ್ದಿರಬೇಕು.

ಬಿದ್ದಿಲ್ಲ. ಒಂದು ಇಟ್ಟಿಗೆಯೂ ಬಿದ್ದಿಲ್ಲ. ನಿಮ್ಮ ಮನೆ ಇಡಿಯಾಗಿ, ಗೋಡೆಯ ಕ್ಯಾಲೆಂಡರಿನ ಸಮೇತ, ಮೂವತ್ತೆರಡು ಅಡಿ ಹಿಂದಕ್ಕೆ ಬಂದು ಹಿತ್ತಲಲ್ಲಿ ನಿಂತಿದೆ. ನಾನೇ ಕಣ್ಣಾರೆ ಕಂಡೆ. ಆದರೂ ಊಟದ ನಡುವೆ ಕೈ ನಿಲ್ಲಿಸಿ, ಇದು ನಿಜವಾಗಿ ಆಯಿತೇ ಎಂದು ಸುತ್ತ ನೋಡುತ್ತೇನೆ. ಇರಿ, ಮೊದಲಿನಿಂದ ಹೇಳುತ್ತೇನೆ.

ಶನಿವಾರದ ಮನೆ ಪುಟವನ್ನು ಈಗಲೂ ನಾನೇ ಬರೆಯುತ್ತಿದ್ದೇನೆ. ನೀವು ಆ ಪತ್ರಿಕೆಯನ್ನು ಬಿಟ್ಟಿರಬಹುದು, ಬೇಜಾರಿಲ್ಲ. ಜನ ಯಾವ ಕಡೆ ಹೋಗುತ್ತಿದ್ದಾರೆ, ಯಾವ ಬಡಾವಣೆ ಏರುತ್ತಿದೆ, ಯಾವುದು ಇಳಿಯುತ್ತಿದೆ, ಇದೇ ನನ್ನ ಹೊಟ್ಟೆಪಾಡು. ಈ ವರ್ಷ ಎಲ್ಲರಿಗೂ ಊರಿನ ನಡುವಿನ ಎತ್ತರದ ಕಟ್ಟಡ ಸಾಕಾಗಿದೆ. ಒಂದು ಗಂಟೆ ದೂರದ ಸಣ್ಣ ಊರಾದರೂ ಸರಿ, ಬಾಗಿಲು ಹಾಕಿಕೊಂಡು ಕೆಲಸ ಮಾಡಲು ಒಂದು ಕೋಣೆ ಬೇಕು. ಮೊದಲು ಶಾಲೆ ಎಷ್ಟು ದೂರ ಎಂದು ಕೇಳುತ್ತಿದ್ದವರು ಈಗ ಆಸ್ಪತ್ರೆ ಎಷ್ಟು ದೂರ ಎಂದು ಕೇಳುತ್ತಾರೆ. ಇವರಿಗೆಲ್ಲ ನಾನು ಕೊಡುವ ಬುದ್ಧಿಮಾತು ಹದಿನಾರು ವರ್ಷದಿಂದ ಒಂದೇ: ಜಾಗ ನೋಡಿ, ಗೋಡೆಗೆ ಮನಸ್ಸು ಕೊಡಬೇಡಿ.

ಆ ಬುದ್ಧಿಮಾತನ್ನು ಕೈಚೀಲದಲ್ಲಿಟ್ಟುಕೊಂಡು ಫ್ಲ್ಯಾಟ್ ನೋಡಲು ಹೋದೆ. ತೋರಿಸಲು ಬಂದ ಹುಡುಗಿ ಬಲು ಚೂಟಿ. ಹಜಾರ ಕೆಳಗೆ, ಊಟದ ಜಾಗ ಮೂರು ಮೆಟ್ಟಿಲು ಮೇಲೆ. "ಈಗ ಇದೇ ಟ್ರೆಂಡು ಮೇಡಂ, ಎಲ್ರೂ ಇದನ್ನೇ ಕೇಳ್ತಾರೆ" ಎಂದಳು. ನನಗೆ ನಗು ಬಂತು. ನಮ್ಮ ಸೈಟು ಇಳಿಜಾರು ಎಂದು ನೀವು ಹನ್ನೊಂದು ವರ್ಷದ ಹಿಂದೆ ಹಜಾರದಿಂದ ಅಡುಗೆಮನೆಗೆ ಮೂರು ಮೆಟ್ಟಿಲು ಹಾಕಿದಾಗ ಬೀದಿಯವರೆಲ್ಲ ಆಡಿಕೊಂಡಿದ್ದರು. ನೀವು ಟ್ರೆಂಡಿಗಿಂತ ಮುಂದೆ ಇದ್ದಿರಿ ಸ್ವಾಮಿ.

ನಗುತ್ತಲೇ ಹತ್ತಿದೆ. ಒಂದು, ಎರಡು. ಮೂರನೆಯದಕ್ಕೆ ನನ್ನ ಕಾಲು, ನಮ್ಮ ಮನೆಯಲ್ಲಿ ಏಳುವ ಹಾಗೆ, ತಾನಾಗಿ ಎರಡು ಬೆರಳು ಮೇಲೆ ಎದ್ದಿತು. ಅಷ್ಟು ಎತ್ತರಕ್ಕೆ ಅಲ್ಲಿ ಮೆಟ್ಟಿಲೇ ಇರಲಿಲ್ಲ. ಧಡ್ಡನೆ ಮುಂದಕ್ಕೆ ಮುಗ್ಗರಿಸಿ ಊಟದ ಮೇಜನ್ನು ಹಿಡಿದುಕೊಂಡೆ. ಹುಡುಗಿ ಓಡಿಬಂದು, "ಅಯ್ಯೋ ಮೇಡಂ, ಇಲ್ಲಿ ಎಲ್ಲಾ ಮೆಟ್ಟಿಲೂ ಸಮ ಇದಾವೆ" ಎಂದಳು. ಸಮ ಇದ್ದದ್ದೇ ತೊಂದರೆ ಎಂದು ಅವಳಿಗೆ ಹೇಗೆ ಹೇಳಲಿ? ಆ ಮೇಜನ್ನು ಹಿಡಿದು ನಿಂತಲ್ಲೇ ನನಗೆ ಅಳು ಬಂತು. ಕಾಲು ಉಳುಕಿತು ಎಂದು ಸುಳ್ಳು ಹೇಳಿ ಆಟೋ ಹತ್ತಿದೆ.

ನೀವು ಈಗ ಆ ಲೇಖನವನ್ನು ನೆನೆಸಿಕೊಳ್ಳುತ್ತಿರಬಹುದು. ನಾನೂ ಅದಕ್ಕೇ ಬಂದೆ. "ಮನೆ ಕೊಳ್ಳುವ ಮುನ್ನ ನೋಡಬೇಕಾದ ಹತ್ತು ತಪ್ಪುಗಳು." ಅದರ ಬಗ್ಗೆ ನಾನು ಯಾವತ್ತೂ ನಿಮಗೆ ಹೇಳದ ಒಂದು ಮಾತಿದೆ. ಅವತ್ತು ನನಗೆ ಒಂಬತ್ತೇ ತಪ್ಪು ಸಿಕ್ಕಿದ್ದವು. ತಲೆಬರಹ ಆಗಲೇ ಅಚ್ಚಿಗೆ ಹೋಗಿತ್ತು, ಸಂಪಾದಕರು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಹತ್ತನೆಯದಕ್ಕೆ ಮನೆಯೊಳಗೇ ಕಣ್ಣು ಹಾಯಿಸಿದೆ. ಮೂರನೇ ಮೆಟ್ಟಿಲು ಕಂಡಿತು. "ಒಂದು ಮೆಟ್ಟಿಲು ಉಳಿದವುಗಳಿಗಿಂತ ಎತ್ತರವಿದೆಯೇ? ಟೇಪು ಹಿಡಿಯಲು ಬಾರದ ಮೇಸ್ತ್ರಿ ಕಟ್ಟಿದ ಮನೆ ಅದು. ಅವನ ಸೂರನ್ನೂ ನಂಬಬೇಡಿ" ಎಂದು ಬರೆದೆ. ಹತ್ತು ನಿಮಿಷದಲ್ಲಿ ಮುಗಿಸಿ ಕಳಿಸಿದೆ. ನಮ್ಮ ಮನೆಗೆ ಬಂದುಹೋದವರೆಲ್ಲ ಆ ಮೆಟ್ಟಿಲಿಗೆ ಒಮ್ಮೆಯಾದರೂ ಎಡವಿದವರೇ, ಓದಿದೊಡನೆ ಅದು ಯಾವ ಮೇಸ್ತ್ರಿ ಎಂದು ತಿಳಿಯುತ್ತಾರೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ನೀವು ಶನಿವಾರ ಓದಿದಿರಿ. ಪೇಪರನ್ನು ಮಡಚಿಟ್ಟು "ಚೆನ್ನಾಗಿ ಬರ್ದಿದೀಯ" ಎಂದಿರಿ. ಕೂಗಾಡಿದ್ದರೆ ನಾನೂ ಕೂಗಾಡಿ ಮುಗಿಸುತ್ತಿದ್ದೆ. ಹದಿನೈದು ದಿನಕ್ಕೆ ಸೇತುವೆ ಕೆಲಸ ಸಿಕ್ಕಿತು ಎಂದು ಹೊರಟಿರಿ. ಆ ಸೇತುವೆ ಮುಗಿದು ಇನ್ನೊಂದು ಬಂತು, ಅದರ ಮೇಲೆ ಇನ್ನೊಂದು. ನಾನೂ ಮುಖ ಊದಿಸಿಕೊಂಡು ಕೂತೆ. ಒಂದು ಮೆಟ್ಟಿಲಿನ ಮಾತಿಗೆ ಇಷ್ಟೊಂದೇ ಎಂದುಕೊಂಡೆ. ಕಟ್ಟುವಾಗ ಯಾಕೆ ಎತ್ತರ ಮಾಡಿದಿರಿ ಎಂದು ಕೇಳಿದ್ದೆನಲ್ಲ, "ಕಾಲಿಗೆ ಅಭ್ಯಾಸ ಆಗುತ್ತೆ ಬಿಡು" ಎಂದಿದ್ದಿರಲ್ಲ. ಅಂದರೆ ತಪ್ಪನ್ನು ಒಪ್ಪಿಕೊಂಡ ಹಾಗೆಯೇ ಎಂದು ನನ್ನ ಲೆಕ್ಕಾಚಾರ.

ಫ್ಲ್ಯಾಟಿನಿಂದ ಬಂದವಳು ಹಳೆಯ ಕಡತಗಳನ್ನು ಕೆದಕಿದೆ. ಮನೆಗಳನ್ನು ಎತ್ತಿ ಸರಿಸುವ ತಂಡವೊಂದರ ಬಗ್ಗೆ ಓದುಗರೊಬ್ಬರು ಹಿಂದೊಮ್ಮೆ ಬರೆದಿದ್ದರು. ನಾನು ನಂಬದೆ, ಮೂಲೆಯಲ್ಲಿ ಎರಡು ಸಾಲು ಹಾಕಿ ಮರೆತಿದ್ದೆ. ಆ ತಂಡಕ್ಕೆ ಫೋನ್ ಮಾಡಿದೆ. ತಂಡದ ಹಿರಿಯರು ಮಾರನೆಯ ದಿನವೇ ಬಂದರು. ಕತ್ತಿನಲ್ಲಿ ಸೀಟಿ ನೇತುಹಾಕಿಕೊಂಡ, ಕಡ್ಡಿಯಂಥ ಮುದುಕರು. ಅವರ ಕೆಲಸಗಾರರು ಅವರನ್ನು ಜಾಕಿ ತಾತ ಅನ್ನುತ್ತಾರೆ. ಜಾಕಿಯಿಂದ ಲಾರಿ ಎತ್ತುವುದನ್ನು ನೋಡಿದ್ದೇವಲ್ಲ, ಅವರು ಹಾಗೆ ಮನೆ ಎತ್ತುತ್ತಾರೆ.

ತಾತ ಮನೆಯ ಸುತ್ತ ನೆಲ ಅಗೆಸಿದರು. ಗೋಡೆಗಳ ಬುಡದಲ್ಲಿ, ಸುತ್ತಲೂ ನಡುವೆಯೂ ನೀವು ಹಾಕಿದ ಕಾಂಕ್ರೀಟ್ ಪಟ್ಟಿಯನ್ನು ಮೊಳ ಮೊಳವಾಗಿ ಕೈಯಿಂದ ಸವರುತ್ತಾ ಬಂದರು. ಅಡುಗೆಮನೆಯ ಮೆಟ್ಟಿಲಿನ ಹತ್ತಿರ ಕುಕ್ಕರುಗಾಲಿನಲ್ಲಿ ಕೂತವರು ಏಳಲೇ ಇಲ್ಲ. ಏನೋ ಕೆಟ್ಟಿದೆ ಎಂದುಕೊಂಡೆ. ಆಮೇಲೆ, "ಇದನ್ನ ಕಟ್ಟಿದ್ದು ಯಾರಮ್ಮಾ?" ಎಂದರು. ನಮ್ಮನೆಯವರು ಎಂದೆ.

ಅವರು ಹೇಳಿದ್ದನ್ನು ಅವರ ಬಾಯಲ್ಲೇ ಬರೆಯುತ್ತೇನೆ, ಒಂದಕ್ಷರ ಬಿಡದೆ. "ತುಂಬಾ ಮನೆಗಳಲ್ಲಿ ಈ ಪಟ್ಟಿ ಎಲ್ಲಾದ್ರೂ ಒಂದು ಕಡೆ ಗಾಯ ಆಗಿರುತ್ತೆ. ಪೈಪು ಅಡ್ಡ ಬಂತು ಅಂತ ಕೆತ್ತಿರ್ತಾರೆ, ಬಾಗಿಲು ಬಂತು ಅಂತ ಕಡಿದಿರ್ತಾರೆ. ಎತ್ತೋವಾಗ ಮನೆ ಅಲ್ಲೇ ಬಾಯಿ ಬಿಡುತ್ತೆ. ಇಲ್ಲಿ ನೋಡಿ, ಮೆಟ್ಟಿಲು ಪಟ್ಟಿ ಮೇಲೇ ಬಂದಿದೆ. ಪಟ್ಟೀನ ಎರಡು ಬೆರಳು ಕೆತ್ತಿದ್ರೆ ಮೆಟ್ಟಿಲು ಸಮ ಆಗ್ತಿತ್ತು, ಯಾರಿಗೂ ಗೊತ್ತಾಗ್ತಿರಲಿಲ್ಲ. ಈ ಪುಣ್ಯಾತ್ಮ ಕೆತ್ತಿಲ್ಲ. ಮೆಟ್ಟಿಲನ್ನೇ ಮೇಲೆ ಮಾಡಿದಾನೆ. ಇಂಥ ಕೆಲಸ ನೋಡಿ ಬಹಳ ದಿನ ಆಯ್ತು. ಈ ಮನೆ ನಡೆಯುತ್ತೆ ಬಿಡಮ್ಮಾ."

ನಾನು ಅಲ್ಲೇ ಎರಡನೇ ಮೆಟ್ಟಿಲ ಮೇಲೆ ಕೂತೆ. ರೀ, ನೀವು ಯಾಕೆ ಹೇಳಲಿಲ್ಲ? ಒಂದೇ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನಾನು ಸರಿಯಾಗಿ ಕೇಳಲಿಲ್ಲ ಎಂಬುದೂ ನಿಜ. ಹದಿನಾರು ವರ್ಷ ಜನರಿಗೆ ಮನೆ ನೋಡುವುದನ್ನು ಕಲಿಸಿದವಳಿಗೆ ತನ್ನ ಮನೆಯ ಮೆಟ್ಟಿಲು ನೋಡಲು ಬರಲಿಲ್ಲ.

ಆಮೇಲೆ ನಡೆದದ್ದನ್ನು ಹೇಗೆ ಬರೆಯಲಿ? ಪಟ್ಟಿಯ ಕೆಳಗಿನ ಇಟ್ಟಿಗೆಯನ್ನು ಸ್ವಲ್ಪ ಸ್ವಲ್ಪವೇ ಬಿಡಿಸಿ, ಆ ಜಾಗಕ್ಕೆ ಒಂದೊಂದೇ ಜಾಕಿ ಇಟ್ಟರು. ನೂರಾ ಹದಿನೆಂಟು ಜಾಕಿಗಳು. ಹದಿನಾಲ್ಕು ಜನ. ತಾತ ಒಂದು ಸೀಟಿ ಊದಿದರೆ ಪ್ರತಿಯೊಬ್ಬರೂ ತಮ್ಮ ಪಾಲಿನ ಜಾಕಿಗಳಿಗೆ ಕಾಲು ಸುತ್ತು ಕೊಡಬೇಕು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಎಲ್ಲರೂ ಕೈ ಎತ್ತಿ ತೋರಿಸುವ ತನಕ ಇನ್ನೊಂದು ಸೀಟಿ ಇಲ್ಲ. ಮಾತಿಲ್ಲ, ಬೀಡಿಯಿಲ್ಲ. ನಮ್ಮ ಬೀದಿ ಅಷ್ಟು ಮೌನವಾಗಿದ್ದುದನ್ನು ನಾನು ಕಂಡೇ ಇಲ್ಲ. ಎದುರುಮನೆಯ ಟೀಚರಮ್ಮ ಕೂಡ ಬಾಯಿ ಮುಚ್ಚಿಕೊಂಡು ನಿಂತಿದ್ದರು, ಅದಕ್ಕಿಂತ ಹೆಚ್ಚು ಏನು ಹೇಳಲಿ.

ಎಷ್ಟೋ ಸೀಟಿಗಳಾದ ಮೇಲೆ ಗೋಡೆಗೂ ನೆಲಕ್ಕೂ ನಡುವೆ ಒಂದು ಗೆರೆ ಕಾಣಿಸಿತು. ನೂಲಿನಷ್ಟು ಸಣ್ಣದು. ಆ ಗೆರೆಯಲ್ಲಿ ಬೆಳಕು ಇತ್ತು. ಮನೆಯ ಕೆಳಗಿನಿಂದ ಆಚೆ ಕಡೆಯ ಬೆಳಕು ಕಾಣುತ್ತಿತ್ತು! ಪಕ್ಕದಲ್ಲಿ ಯಾರಿದ್ದಾರೆ ಎಂದೂ ನೋಡದೆ ಅವರ ಕೈ ಹಿಡಿದುಕೊಂಡೆ. ನೋಡಿದರೆ ನೋಟಿಸು ತಂದುಕೊಟ್ಟಿದ್ದ ರಸ್ತೆ ಇಲಾಖೆಯ ಗುಮಾಸ್ತ. ಅವನೂ ಬಿಡಿಸಿಕೊಳ್ಳಲಿಲ್ಲ, ಪಾಪ.

ಮೂರಡಿ ಎತ್ತಿ, ಕೆಳಗೆ ಕಬ್ಬಿಣದ ಹಳಿ ಹಾಸಿ, ಉರುಳೆಗಳನ್ನಿಟ್ಟು, ದಿನಕ್ಕೆ ಎಂಟಡಿಯಂತೆ ನಾಲ್ಕು ದಿನ ತಳ್ಳಿದರು. ಮೊದಲ ದಿನವೇ ತಾತ, "ಒಳಗಿರ್ತೀರಾ, ಹೊರಗಿರ್ತೀರಾ?" ಎಂದು ಕೇಳಿದರು. ಒಳಗೆ ಎಂದೆ. ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ. ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಏನೂ ಆಗಲಿಲ್ಲ. ಪಾತ್ರೆಗಳು ಅಲುಗಲಿಲ್ಲ. ಕಿಟಕಿಯ ಮೂಲೆಯಲ್ಲಿ ಮೂರು ವರ್ಷದಿಂದ ನಾನು ಗುಡಿಸದೆ ಬಿಟ್ಟಿದ್ದ ಜೇಡರ ಬಲೆಯ ಒಂದು ಎಳೆಯೂ ಹರಿಯಲಿಲ್ಲ. ಇನ್ನೂ ಶುರುವೇ ಆಗಿಲ್ಲ ಎಂದುಕೊಂಡೆ.

ಆಗ ಕಿಟಕಿ ನೋಡಿದೆ. ಆ ಕಿಟಕಿಯಲ್ಲಿ ಇಷ್ಟು ವರ್ಷ ನಮಗೆ ಕಂಡದ್ದು ಪಕ್ಕದ ಮನೆಯ ಗೋಡೆ ಮತ್ತು ಅವರ ನೀರಿನ ಪೈಪು. ಆ ಪೈಪು ಕಿಟಕಿಯ ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಸಾಗುತ್ತಿತ್ತು. ಚಲಿಸುತ್ತಿದ್ದದ್ದು ನಾನು! ಪೈಪು ಹೋಯಿತು. ಗೋಡೆಯ ಬಣ್ಣ ಸುಲಿದ ಜಾಗ ಬಂದು ಅದೂ ಹೋಯಿತು. ಆಮೇಲೆ ಗೋಡೆಯ ಅಂಚು ಬಂತು, ಅದರ ಹಿಂದೆಯೇ ಆಕಾಶ. ಹಿಂದಿನ ಮೈದಾನ, ಅದರಲ್ಲಿನ ದೊಡ್ಡ ಮರ, ಸೈಕಲ್ ಕಲಿಯುತ್ತಿದ್ದ ಯಾರೋ ಹೆಂಗಸು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಮ್ಮ ಅಡುಗೆಮನೆಗೆ ಬಿಸಿಲು ಬಂತು. ಅದು ನೆಲದ ಮೇಲೆ ಇಂಚಿಂಚಾಗಿ ತೆವಳಿ ಮೂರನೇ ಮೆಟ್ಟಿಲನ್ನು ಮುಟ್ಟಿತು. ನಾನು ಗಟ್ಟಿಯಾಗಿ ನಿಮ್ಮನ್ನು ಕರೆದೆ. ಹೊರಗಿದ್ದವರಿಗೆ ಕೇಳಿಸಿರಬೇಕು, ಕೇಳಿಸಲಿ.

ಈ ಪತ್ರದ ಜೊತೆ ನಿನ್ನೆಯ ಮನೆ ಪುಟದ ತುಣುಕೊಂದನ್ನು ಇಟ್ಟಿದ್ದೇನೆ. ನಮ್ಮಲ್ಲಿ ತಪ್ಪು ಯಾವ ಪುಟದಲ್ಲಿ ಬಂದಿತ್ತೋ ಅದೇ ಪುಟದಲ್ಲಿ ತಿದ್ದುಪಡಿಯೂ ಬರಬೇಕು ಎಂಬ ನಿಯಮವಿದೆ. ಸಂಪಾದಕರು, "ಮೂರು ವರ್ಷದ ಹಿಂದಿನದು ಯಾರಿಗೆ ನೆನಪಿರುತ್ತಮ್ಮಾ?" ಎಂದು ಗೊಣಗಿದರು. ಒಬ್ಬರಿಗೆ ನೆನಪಿದೆ ಎಂದೆ. ನೀವು ತುಣುಕನ್ನು ಬಿಡಿಸದೆ ಜೇಬಿಗೆ ಹಾಕಿಕೊಳ್ಳುವವರು ಎಂದು ಗೊತ್ತು, ಅದಕ್ಕೇ ಇಲ್ಲೂ ಬರೆಯುತ್ತೇನೆ: "ಹತ್ತು ತಪ್ಪುಗಳು ಎಂಬ ಲೇಖನದಲ್ಲಿ ಎತ್ತರ ಹೆಚ್ಚಿರುವ ಮೆಟ್ಟಿಲನ್ನು ಹತ್ತನೇ ತಪ್ಪೆಂದು ಹೇಳಲಾಗಿತ್ತು. ಅದು ಲೇಖಕಿಯ ಸ್ವಂತ ಮನೆಯ ಮೆಟ್ಟಿಲು. ಕಟ್ಟಿದವರು ಮನೆಯನ್ನು ಉಳಿಸಲೆಂದು ತಿಳಿದೇ ಹಾಗೆ ಕಟ್ಟಿದ್ದರು. ತಪ್ಪು ಲೇಖಕಿಯದು. ಆ ಮೇಸ್ತ್ರಿಯ ಸೂರನ್ನು ಕಣ್ಣು ಮುಚ್ಚಿ ನಂಬಬಹುದು."

ಇದನ್ನು ಓದಿ ಮನೆಗೆ ಬನ್ನಿ ಎಂದು ನಾನು ಹೇಳುವುದಿಲ್ಲ. ಸೇತುವೆಯ ಕೆಲಸ ಅರ್ಧಕ್ಕೆ ಬಿಟ್ಟು ಬರುವವರಲ್ಲ ನೀವು. ಮನೆ ಇದೆ ಎಂದು ತಿಳಿಸಬೇಕಿತ್ತು, ತಿಳಿಸಿದೆ. ಬಿಸಿಲಲ್ಲಿ ತಲೆಗೆ ಏನಾದರೂ ಕಟ್ಟಿಕೊಳ್ಳಿ. ಮಂಡಿ ನೋವಿನ ಎಣ್ಣೆ ಮುಗಿದಿದ್ದರೆ ಹೇಳಿ.

ನಿಮ್ಮ ಮನೆಯಲ್ಲೇ ಇರುವ,
ಪೇಪರಮ್ಮ

ಮರೆತ ಮಾತು: ಮರೆತದ್ದಲ್ಲ, ಹೇಳಲು ಹೆದರಿದ್ದೆ. ಮನೆ ಹೊಸ ಜಾಗಕ್ಕೆ ಬಂದಿದೆ, ಆದರೆ ನೆಲ ಮುಟ್ಟಿಲ್ಲ. ಹೊಸ ಬುನಾದಿ ತಯಾರಾಗಿದೆ, ಶುಕ್ರವಾರವೇ ಇಳಿಸಬಹುದಿತ್ತು. ತಾತನದೊಂದು ಪದ್ಧತಿ ಇದೆಯಂತೆ. ಕಟ್ಟಿದವರು ಬದುಕಿದ್ದರೆ, ಅವರು ತಮ್ಮ ಕೈಯಿಂದ ಮಟ್ಟಗೋಲು ಇಟ್ಟು ನೋಡಿ ಹೂಂ ಎಂದ ಮೇಲೆಯೇ ಕೊನೆಯ ಸೀಟಿ. "ಅವರು ಬರ್ತಾರಾ?" ಎಂದು ಕೇಳಿದರು. ಬರುವ ಶುಕ್ರವಾರ ಬರುತ್ತಾರೆ ಎಂದು ನಾನು ಸುಳ್ಳು ಹೇಳಿದ್ದೇನೆ. ನಿಮ್ಮ ಮಟ್ಟಗೋಲು ನೀವು ಬಿಟ್ಟುಹೋದ ಬಾಗಿಲ ಸಂದಿಯಲ್ಲೇ ಇದೆ. ಈ ಪತ್ರವನ್ನು ನಮ್ಮ ಅಡುಗೆಮನೆಯಲ್ಲಿ, ನೆಲದಿಂದ ಮೂರಡಿ ಮೇಲೆ ಕೂತು ಬರೆದಿದ್ದೇನೆ. ನನಗೆ ನಿಮ್ಮಿಂದ ಬೇಕಾದದ್ದು ಒಂದೇ ಒಂದು ಹೂಂ. ಬಾಗಿಲಿಗೆ ಏಣಿ ಹಾಕಿದೆ.