ಗೋಡೆಯ ಯಂತ್ರ, ಕಿಟಕಿಯ ಯಂತ್ರ

೮ ಆಗಸ್ಟ್ ೧೯೭೭, ಇಂಡಿ. ಬೆಳಿಗ್ಗೆ ೭

ರಿಬ್ಬನ್ ಬದಲಿಸಿದೆ. ಕ್ಲಾಸು ಶುರು. ನಾಟಕ ಕಂಪನಿ ಮುಚ್ಚಿದ ಮೇಲೆ ದುರ್ಯೋಧನನ ಗದೆ ಕೆಳಗಿಟ್ಟು ಹಿಡಿದ ಕೆಲಸ: ಕನ್ನಡ ಟೈಪಿಂಗ್ ಕಲಿಸುವುದು. ಕಂಠ ಮಾತ್ರ ಹಾಗೇ ಇದೆ. ‘ಬೆರಳು ಎತ್ತು’ ಎಂದರೆ ಕೆಳಗಿನ ಕಿರಾಣಿ ಅಂಗಡಿಯವನೂ ತಕ್ಕಡಿಯಿಂದ ಕೈ ಎತ್ತುತ್ತಾನೆ.

ಇಂದುಬಾಯಿ ಮುಖ ಸಪ್ಪಗೆ ಮಾಡಿಕೊಂಡು ಬಂದಳು. ಇಲ್ಲಿಯ ಕಚೇರಿಯೊಂದರಲ್ಲಿ ಹಂಗಾಮಿ ಟೈಪಿಸ್ಟ್. ನವೆಂಬರ್ ಪರೀಕ್ಷೆ ಪಾಸಾದರೆ ಕಾಯಂ. ಇಲ್ಲವಾದರೆ ಮನೆ.

“ಮಾಸ್ತರ್ರ, ಕಚೇರಿಗೆ ಹೊಸಾ ಮಷಿನ್ ಬಂದೈತ್ರಿ. ಅದರಾಗ ಕೀಲಿ ಮ್ಯಾಲಿನ ಅಕ್ಷರದ ಸಾಲೇ ಬ್ಯಾರೆ. ನಿಮ್ಮಲ್ಲಿ ಕಲತದ್ದು ಅಲ್ಲಿ ಹೊಡದ್ರ ನನಗ ಓದಾಕ ಬರಂಗಿಲ್ಲ.”

೧೧ ಆಗಸ್ಟ್

ಮೆಕ್ಯಾನಿಕ್ ಅಮೀನುದ್ದೀನ ಹೊಸ ಸಾಲಿನ ಯಂತ್ರವೊಂದನ್ನು ಬಾಡಿಗೆಗೆ ಇಟ್ಟುಹೋದ. ಪರೀಕ್ಷೆಗೆ ಅವರವರ ಯಂತ್ರ ಅವರವರೇ ಹೊತ್ತೊಯ್ಯಬೇಕು. ಆಯ್ಕೆ ನಮ್ಮದೇ.

“ಯಾವುದರ ಒಂದು ಆರಿಸ್ರಿ. ಮುಂಬಯಿದಾಗ ಕಂಪ್ಯೂಟರಕ್ಕೂ ಹಿಂಥಾವ ಕೀಲಿ ಅದಾವಂತ. ಯಾವ ಸಾಲು ಇಡಬೇಕಂತ ಅಲ್ಲೂ ಜಗಳಂತ,” ಎಂದ.

ಹಳೆಯದರಲ್ಲಿ ಇಂದುಬಾಯಿಯ ಕೈ ಕುದುರೆ. ಹಳೆಯದೇ ಇರಲಿ ಎಂದೆ. ಕೇಳಲಿಲ್ಲ.

“ಪಾಸಾದ ಮ್ಯಾಲ ಹೊಸಾದರ ಮುಂದನ ಕೂಡಬೇಕಲ್ರಿ. ನೀವು ಬಂದು ಹೊಡಕೊಡ್ತೀರೇನು?”

೨ ಸೆಪ್ಟೆಂಬರ್

ಹೊಸದರ ಮುಂದೆ ಕುಳಿತರೂ ಅವಳ ಬೆರಳು ಹಳೆಯ ಜಾಗಕ್ಕೇ ಓಡುತ್ತವೆ. ಹಳೆಯದನ್ನು ಪೂರ್ತಿ ಬಿಡುವಂತೆಯೂ ಇಲ್ಲ. ಸಂಜೆ ಇಲ್ಲಿ ಮಂದಿಯ ಅರ್ಜಿ ಹೊಡೆದುಕೊಟ್ಟು ಅವಳು ನಾಲ್ಕು ಕಾಸು ಗಳಿಸುವುದು ಅದರಲ್ಲೇ.

ಕಂಪನಿಯಲ್ಲಿ ಎರಡು ಪಾತ್ರ ಮಾಡುತ್ತಿದ್ದ ಧೂಳಪ್ಪ ನೆನಪಾದ. ರಂಗದ ಎಡಕ್ಕೆ ನಿಂತರೆ ಭೀಮ, ಬಲಕ್ಕೆ ನಿಂತರೆ ಶಕುನಿ. ಮುದ್ದೇಬಿಹಾಳದ ಕ್ಯಾಂಪಿನಲ್ಲಿ ಅವನನ್ನು ತಪ್ಪು ಕಡೆ ನಿಲ್ಲಿಸಿದರು. ಭೀಮನ ವೇಷ, ಬಾಯಲ್ಲಿ ಶಕುನಿಯ ಮಾತು — ನೀರು ಹರಿದಂತೆ. ಮಾತು ನಾಲಗೆಯಲ್ಲಿರುವುದಿಲ್ಲ, ನಿಂತ ಜಾಗದಲ್ಲಿರುತ್ತದೆ.

ಹಳೆಯ ಯಂತ್ರವನ್ನು ಗೋಡೆಗೆ ಮುಖ ಮಾಡಿ ಇಟ್ಟೆ. ಹೊಸದು ಕಿಟಕಿಗೆ.

“ಗೋಡಿ ಕಂಡ್ರ ಹಳೇದು. ಬೆಳಕು ಕಂಡ್ರ ಹೊಸಾದು. ತಿಳೀತಿಲ್ಲೋ?”

“ಇದೇನ್ರಿ, ಟೈಪಿಂಗೋ ಬಯಲಾಟೋ?”

೨೦ ಅಕ್ಟೋಬರ್

ಹಿಡಿಯಿತು. ಗೋಡೆಗೆ ಕುಳಿತರೆ ಒಬ್ಬ ಇಂದುಬಾಯಿ, ಕಿಟಕಿಗೆ ಕುಳಿತರೆ ಇನ್ನೊಬ್ಬಳು. ಕಚೇರಿಯಲ್ಲೂ ಪಡಸಾಲೆಯ ಬೆಳಕಿಗೇ ಅವಳ ಟೇಬಲ್. ತೊಡಕಿಲ್ಲ. ಹೀಗೆ ಎರಡು ಪಾತ್ರ ಆಡಿದ್ದಕ್ಕೆ ಕಂಪನಿಯಲ್ಲಾದರೆ ಹಾರ ಹಾಕುತ್ತಿದ್ದರು.

೧೨ ನವೆಂಬರ್, ವಿಜಾಪುರ. ಸಂಜೆ

ಬಸ್ಸಿನಿಂದ ಹೊಸ ಯಂತ್ರ ನಾನೇ ಹೊತ್ತೆ. ಹಾಲ್ ನೋಡಿದೆ — ಅವಳ ನಂಬರಿನ ಟೇಬಲ್ ಎದುರಿಗೆ ಸುಣ್ಣದ ಗೋಡೆ. ಬೆಳಕು ಬೆನ್ನಿಗೆ. ಇದು ಹೊಳೆದೇ ಇರಲಿಲ್ಲ.

ಗಂಟೆ ಬಾರಿಸಿತು. ಬಾಗಿಲಾಚೆ ನಿಂತು ನೋಡುತ್ತಿದ್ದೆ. ಎರಡು ಸಾಲು ಹೊಡೆದಳು. ನಿಂತಳು. ಹಾಳೆ ಎಳೆದು ನೋಡಿದಳು. ಹೊಸ ಯಂತ್ರದ ಮೇಲೆ ಹಳೆಯ ಬೆರಳು. ದುರ್ಯೋಧನನ ಕಂಠದಲ್ಲಿ ‘ತಿರುಗು’ ಎಂದು ಕೂಗಲು ಬಾಯಿ ತೆರೆದೆ... ಪರೀಕ್ಷೆಯ ಹಾಲ್, ಮುಚ್ಚಿದೆ.

ಅವಳೇ ಎದ್ದು ಟೇಬಲ್ಲನ್ನು ಗರಗರ ಎಳೆದು ಬೆಳಕಿನ ಕಡೆಗೆ ತಿರುಗಿಸಿದಳು.

“ಏನವ್ವಾ, ಇದೇನು ನಿಮ್ಮನಿ ಪಡಸಾಲಿ ಏನು?” ಎಂದರು ಸೂಪರ್‌ವೈಜರ್.

“ಬೆಳಕು ಬೇಕ್ರಿ ಸಾಹೇಬ್ರ.”

“ವ್ಯಾಳ್ಯಾ ಹೋದ್ರ ನಾ ಕೊಡಾಂವಲ್ಲ.”

“ಬ್ಯಾಡ್ರಿ.”

ಮಂದಿಯೆಲ್ಲ ಆ ಕಡೆ, ಇವಳೊಬ್ಬಳು ಈ ಕಡೆ. ಹೊಸ ಹಾಳೆ ಹಾಕಿದಳು. ಆಮೇಲೆ ತಲೆ ಎತ್ತಲಿಲ್ಲ.



೯ ಜನವರಿ ೧೯೭೮, ಇಂಡಿ

ಪಾಸು. ಕಾಯಂ ಆರ್ಡರೂ ಕೈಗೆ ಬಂತಂತೆ. ಪೇಢೆ ತಂದಳು. ನಗುತ್ತಿರಲಿಲ್ಲ.

“ಕಾಯಂ ಮಂದಿಗೆ ಒಳಗಿನ ಖೋಲಿ ಅಂತ್ರಿ ಮಾಸ್ತರ್ರ. ಟೇಬಲ್ ಮುಂದ ಬರೇ ಗೋಡಿ.”

“ಸಾಹೇಬ್ರಿಗೆ ಹೇಳಿದೇನು?”

“ಹೇಳಿದೆ. ‘ಮೊದಲು ಕುಂದರು, ಆಮ್ಯಾಲ ಬೆಳಕು ಹುಡುಕು’ ಅಂದ್ರು. ಟೇಬಲ್ ಸಾಗವಾನಿದೈತ್ರಿ. ನನ್ನೊಬ್ಬಾಕಿ ಕೈಲಿ ಅಲಗ್ಯಾಡವಲ್ದು.”

ನನ್ನದು ಗದೆ ಎತ್ತಿದ ಕೈ. ಇನ್ನು ಪೆನ್ನು ಇಟ್ಟು ಹೊರಡಬೇಕು. ಅವಳು ಆಗಲೇ ಮೆಟ್ಟಿಲಿಳಿದು ಕೂಗುತ್ತಿದ್ದಾಳೆ, ಸಾಹೇಬರು ಬರುವ ಮೊದಲೇ ಇಬ್ಬರೂ ಹೋಗಿ ಟೇಬಲ್ ತಿರುಗಿಸಿಬಿಡೋಣವಂತೆ.